ಶಾಲೆಯ ರೆಫರಲ್ ಚೀಟಿಗಳ ಬಗ್ಗೆ

ಮೇಡಂ, ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡ ತಪಾಸಣೆ ಮಾಡಿ, ಆಸ್ಪತ್ರೆಗೆ ತೋರಿಸಿ ಅಂತ ರೆಫರಲ್ ಚೀಟಿ ಕೊಟ್ಟು ಹೋದ ಮೇಲೆ ಮಕ್ಕಳನ್ನು ಯಾರು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ. ಆ ತಂಡ ಶಾಲೆಗೆ ಬರುವುದು ವರ್ಷಕ್ಕೊಂದು ಸಲ. ಚೀಟಿ ಬ್ಯಾಗಿನಲ್ಲೇ ಉಳಿದರೆ ಒಂದು ವರ್ಷ ಹೋದಂತೆಯೇ, ಅಲ್ವಾ?

ಒಬ್ಬ ಶಿಕ್ಷಕರಿಗೆ ಈ ಜವಾಬ್ದಾರಿ ಕೊಡಿ. ಮಗುವಿನ ಹೆಸರು, ತೊಂದರೆ, ಯಾವ ಆಸ್ಪತ್ರೆ, ಹೋದರಾ ಇಲ್ಲವಾ ಅಂತ ಬರೆದಿಡಲಿ. ಅದೇ ಪಟ್ಟಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ಕೊಡಿ. ಇಲ್ಲದಿದ್ದರೆ ಎರಡೂ ಇಲಾಖೆಯವರು ಇನ್ನೊಬ್ಬರು ನೋಡುತ್ತಾರೆ ಅಂದುಕೊಳ್ಳುತ್ತಾರೆ.

ನಿಜವಾದ ಕಷ್ಟ ಇರುವುದು ಮನೆಯಲ್ಲಿ. ಕೂಲಿ ಬಿಟ್ಟು ಆಸ್ಪತ್ರೆಗೆ ಅಲೆಯಲು ಎಷ್ಟು ಜನರಿಗೆ ಆಗುತ್ತದೆ? ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮಾತಾಡಿ, ಕನ್ನಡಕ ಬೇಕಾದ ಮಕ್ಕಳನ್ನೆಲ್ಲ ಒಂದೇ ದಿನ ಕರೆದೊಯ್ಯುವ ವ್ಯವಸ್ಥೆ ಮಾಡಿ. ಆಶಾ ಕಾರ್ಯಕರ್ತೆಯರನ್ನೂ ಜೊತೆಗೆ ಸೇರಿಸಿಕೊಳ್ಳಿ, ಮನೆಯವರಿಗೆ ಅವರ ಮಾತಿನ ಮೇಲೆ ನಂಬಿಕೆ ಜಾಸ್ತಿ.

ಹೃದಯದ ತೊಂದರೆ ಅಂತ ಬರೆದಿದ್ದರೆ ಮಾತ್ರ ಕಾಯಬೇಡಿ. ತಂಡದ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. 18 ವರ್ಷದವರೆಗೆ ಶಸ್ತ್ರಚಿಕಿತ್ಸೆಯೂ ಈ ಯೋಜನೆಯಲ್ಲಿ ಉಚಿತ.