ಒಲೆ ಎರಡು, ಹೊಸಿಲು ಒಂದು

ಹಾಸನದ ಓದುಗರೊಬ್ಬರು ನಾಲ್ಕು ಪುಟದ ಪತ್ರದ ಜೊತೆ ಮನೆಯ ನಕ್ಷೆಯನ್ನೂ ಕಳಿಸಿದ್ದಾರೆ. ಪತ್ರದ ಸಾರ ಇಷ್ಟು: "ನಾನು ಪ್ರೌಢಶಾಲೆ ಮೇಷ್ಟ್ರು. ಮುಂದಿನ ಮೇ ತಿಂಗಳಲ್ಲಿ ನಿವೃತ್ತಿ. 40-60 ಸೈಟ್ ಇದೆ, ಈಗ ಮನೆ ಕಟ್ಟಬೇಕು. ಅಮ್ಮನಿಗೆ 83. ಮಗ ಸೊಸೆ ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದಾರೆ. ಒಂದಲ್ಲ ಒಂದು ದಿನ ಇಲ್ಲಿಗೇ ಬರುತ್ತೇವೆ ಅನ್ನುತ್ತಾರೆ. ಮಗಳು ಬಾಣಂತನಕ್ಕೆ ಬರುವವಳಿದ್ದಾಳೆ. ಎಂಜಿನಿಯರ್ ಕೆಳಗೆ ಒಂದು, ಮೇಲೆ ಮೂರು ಬೆಡ್‌ರೂಮ್ ಹಾಕಿಕೊಟ್ಟಿದ್ದಾರೆ. ಇಷ್ಟು ಜನಕ್ಕೆ ಜಾಗ ಸಾಕಾ? ಮುಂದೆ ಒಡೆದು ಕಟ್ಟುವ ತಾಪತ್ರಯ ಬರಬಾರದು."

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಕ್ಷೆ ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ಜಾಗ ಸಾಕು, ಜಾಸ್ತಿಯೇ ಇದೆ. ಆದರೆ ಅದು ಯಾರ ಪಾಲಿಗೆ ಹೋಗಿದೆ ನೋಡಿ. ದಿನಾ ಕೆಳಗಿರುವವರು ಮೂರು ಜನ, ಅವರಿಗೆ ರೂಮು ಒಂದು. ಹಬ್ಬಕ್ಕೆ ಬಂದು ಹೋಗುವವರಿಗೆ ಮೇಲೆ ಮೂರು. ಅಮ್ಮ ಎಲ್ಲಿ ಮಲಗುತ್ತಾರೆ ಎಂದು ಹುಡುಕಿದೆ. ಪೂಜಾಕೋಣೆಯ ಪಕ್ಕದಲ್ಲಿ 'ಮಲ್ಟಿಪರ್ಪಸ್' ಎಂದು ಬರೆದ ಎಂಟಡಿ ಚೌಕ ಸಿಕ್ಕಿತು. ಅದಕ್ಕೆ ಬಚ್ಚಲಿಲ್ಲ. ಕೆಳಗೆ ಎರಡನೇ ರೂಮು ಬೇಕೇ ಬೇಕು.

ಹಾಗಾಗಿ ಮೊದಲ ಕೆಲಸ, ನಕ್ಷೆಯಲ್ಲಿರುವ ಆ ಡಬಲ್ ಹೈಟ್ ಹಾಲನ್ನು, ಅಂದರೆ ನಡುವೆ ಸ್ಲ್ಯಾಬ್ ಇಲ್ಲದೆ ಎರಡು ಮಹಡಿಯೆತ್ತರ ಇರುವ ಹಾಲನ್ನು, ಬಿಟ್ಟುಬಿಡಿ. ಧಾರಾವಾಹಿಯ ಮನೆಗಳಲ್ಲಿ ಅದು ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ನಿಮ್ಮ ಕುಕ್ಕರ್ ಸೀಟಿ, ಅಮ್ಮನ ಕೆಮ್ಮು, ಮಗನ ರಾತ್ರಿ ಮೀಟಿಂಗ್ ಎಲ್ಲವೂ ಆ ಬಾವಿಯಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡುತ್ತವೆ. ಮುಂದೆ ಮೇಲಿನದನ್ನು ಬೇರೆ ಮನೆ ಮಾಡಬೇಕೆಂದರೆ ಆ ತೂತು ಮುಚ್ಚುವುದೇ ಒಂದು ಕಾಮಗಾರಿ. ಹಾಲಿನ ಮಧ್ಯೆ ನೆಟ್ಟಿರುವ ಮೆಟ್ಟಿಲೂ ಅಷ್ಟೇ. ಅದು ಅಲ್ಲಿರುವವರೆಗೆ ಮೇಲೆ ಹೋಗುವವರೆಲ್ಲ ನಿಮ್ಮ ಸೋಫಾ ದಾಟಿಯೇ ಹೋಗಬೇಕು.

ಮೆಟ್ಟಿಲನ್ನು ಮುಂಬಾಗಿಲ ಪಕ್ಕಕ್ಕೆ ತನ್ನಿ. ಒಳಗೆ ಬಂದ ತಕ್ಷಣ ಐದಾರು ಅಡಿಯ ಒಂದು ಸಣ್ಣ ಪಡಸಾಲೆ, ಅಲ್ಲಿಂದ ಒಂದು ದಾರಿ ನಿಮ್ಮ ಹಾಲಿಗೆ, ಇನ್ನೊಂದು ಮೇಲಕ್ಕೆ. ಹಾಲಿನ ದಾರಿಗೆ ಈಗ ಚೌಕಟ್ಟು ಮಾತ್ರ ಇಟ್ಟರೆ ಸಾಕು. ಮಗ ಬಂದರೆ ಅಲ್ಲಿಗೊಂದು ಬಾಗಿಲು ಕೂರಿಸಿ. ಎರಡು ಮನೆ ಆಯಿತು. ಹಬ್ಬದ ದಿನ ಬಾಗಿಲು ತೆರೆದಿಡಿ, ಒಂದೇ ಮನೆ. ಮಗ ಬರಲೇ ಇಲ್ಲ ಅನ್ನಿ, ಮೇಲಿನದನ್ನು ಬಾಡಿಗೆಗೆ ಕೊಡಬಹುದು. ಬಾಡಿಗೆಯವರು ನಿಮ್ಮ ಹಾಲಿಗೆ ಕಾಲಿಡಬೇಕಾಗಿಲ್ಲ. ಮೆಟ್ಟಿಲಿನ ಎತ್ತರ ಆರು ಇಂಚು, ಪಾದವಿಡುವ ಅಗಲ ಹನ್ನೆರಡು ಇಂಚು ಇರಲಿ. ಹತ್ತಡಿ ಏರಲು ಇಪ್ಪತ್ತು ಮೆಟ್ಟಿಲಾಗುತ್ತದೆ. ಏಳು ಇಂಚು ಮಾಡಿದರೆ ಎರಡು ಮೂರು ಮೆಟ್ಟಿಲು ಉಳಿಯುತ್ತೆ ಅಂತ ಮೇಸ್ತ್ರಿ ಹೇಳುತ್ತಾರೆ. ಆ ಒಂದಿಂಚನ್ನು ಹತ್ತುವುದು ನಿಮ್ಮ ಮಂಡಿ, ಅವರದಲ್ಲ.

ಇನ್ನು ಬಚ್ಚಲು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ನನಗೆ ಕಾರಣ ಇದೆ.

ನಮ್ಮಪ್ಪ ಸೊಂಟದ ಮೂಳೆ ಮುರಿದುಕೊಂಡು ಆಪರೇಷನ್ ಆಗಿ ಮನೆಗೆ ಬಂದರು. ಕೈಯಲ್ಲಿ ವಾಕರ್. ನಮ್ಮ ಬಚ್ಚಲ ಬಾಗಿಲು ಎಲ್ಲರ ಮನೆಯದರಂತೆ ಎರಡೂವರೆ ಅಡಿಯದು. ಎರಡೂ ಕಡೆಯ ಚೌಕಟ್ಟು ಕಳೆದರೆ ಉಳಿದದ್ದು 25 ಇಂಚು. ಬಾಗಿಲು ಪೂರ್ತಿ ತೆರೆದರೂ ಅದರ ದಪ್ಪ ಒಂದಿಂಚು ದಾರಿಯಲ್ಲೇ ನಿಲ್ಲುತ್ತಿತ್ತು. ವಾಕರ್ ಅಗಲ 23. ಲೆಕ್ಕದಲ್ಲಿ ಹೋಗಬೇಕು, ಅಲ್ವಾ? ಆದರೆ ಹಿಡಿದುಕೊಂಡ ಕೈಗಳೂ ಇವೆಯಲ್ಲ. ಮೊದಲ ದಿನವೇ ಅಪ್ಪನ ಬೆರಳಗಂಟುಗಳ ಚರ್ಮ ಚೌಕಟ್ಟಿಗೆ ತಾಗಿ ಕಿತ್ತು ಬಂತು. ಒಳಗೆ ನೀರು ಹೊರಗೆ ಬರದಿರಲೆಂದು ಕಟ್ಟಿದ ಎರಡಿಂಚಿನ ಕಲ್ಲುಪಟ್ಟಿ. ಅದನ್ನು ದಾಟಲು ವಾಕರ್ ಎತ್ತಬೇಕು, ಎತ್ತಿದರೆ ನಿಲ್ಲಲು ಆಸರೆ ಇಲ್ಲ. ಚೌಕಟ್ಟು ಕಿತ್ತು, ಗೋಡೆ ಕಡಿದು, ಟೈಲ್ಸ್ ಹೊಂದಿಸಿ ಮುಗಿಸಲು ಎಂಟು ದಿನ ಆಯಿತು. ಆ ಎಂಟು ದಿನ ಅಪ್ಪ ಹಾಲಿನ ಮೂಲೆಯಲ್ಲಿ, ಅಮ್ಮನ ಹಳೇ ಸೀರೆಯ ಪರದೆ ಹಿಂದೆ, ಕಮೋಡ್ ಕುರ್ಚಿ ಬಳಸಿದರು. ಟವೆಲ್ ಹೆಗಲ ಮೇಲಿಲ್ಲದೆ ಬಚ್ಚಲಿಂದ ಹೊರಗೆ ಬಂದ ಮನುಷ್ಯ ಅಲ್ಲ ಅವರು.

ಕೆಳಗಿನ ಎಲ್ಲ ಬಾಗಿಲನ್ನೂ, ಬಚ್ಚಲದ್ದನ್ನೂ ಸೇರಿಸಿ, ಚೌಕಟ್ಟಿನ ಒಳಗೆ ಪೂರ್ತಿ ಮೂರಡಿ ಸಿಗುವಂತೆ ಮಾಡಿಸಿ. ಬಚ್ಚಲ ಬಾಗಿಲು ಹೊರಕ್ಕೆ ತೆರೆಯಲಿ ಅಥವಾ ಪಕ್ಕಕ್ಕೆ ಜಾರಲಿ. ಒಳಗೆ ಯಾರಾದರೂ ಕುಸಿದು ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ಮೈಯೇ ಅಡ್ಡ. ಚಿಲಕ ಹೊರಗಿನಿಂದಲೂ ತೆಗೆಯಲು ಬರುವಂಥದ್ದು ಹಾಕಿ. ಕಲ್ಲುಪಟ್ಟಿ ಬೇಡ. ನೀರು ತಡೆಯಲು ಇಳಿಜಾರು ಸರಿಯಾಗಿ ಕೊಟ್ಟರೆ ಸಾಕು, ಬಾಗಿಲ ಬುಡದಲ್ಲಿ ಒಂದು ಜಾಲರಿ ಚರಂಡಿಯನ್ನೂ ಹಾಕಿಸಬಹುದು. ಹಿಡಿಕೆ ಕಂಬಿಗಳನ್ನು ಈಗಲೇ ಹಾಕಬೇಕಾಗಿಲ್ಲ. ಆದರೆ ಕಮೋಡ್ ಪಕ್ಕ, ಸ್ನಾನದ ಜಾಗದ ಪಕ್ಕ ಎರಡರಿಂದ ನಾಲ್ಕಡಿ ಎತ್ತರದವರೆಗೆ ಗೋಡೆಗೆ ಗಟ್ಟಿ ಕಾಂಕ್ರೀಟ್ ಬ್ಲಾಕನ್ನೇ ಇಡಿಸಿ. ಹಗುರ ಬ್ಲಾಕ್, ಟೊಳ್ಳು ಬ್ಲಾಕುಗಳಲ್ಲಿ ಮನುಷ್ಯನ ಭಾರ ಬಿದ್ದರೆ ಮೊಳೆ ಕಿತ್ತುಕೊಂಡೇ ಬರುತ್ತದೆ.

ಅಳತೆ? ಏಳು-ಎಂಟು ಅಡಿ ಇರಲಿ. ಬಚ್ಚಲಿಗೆ ಅಷ್ಟು ಜಾಗ ದಂಡ ಎನ್ನುವವರಿದ್ದಾರೆ. ನಿಮ್ಮ ಮಗಳ ಬಾಣಂತನ ನೆನಪಿಸಿಕೊಳ್ಳಿ. ಬಾಣಂತಿಯನ್ನು ಮಣೆ ಮೇಲೆ ಕೂರಿಸಿ ನೀರೆರೆಯಲು ಇಬ್ಬರು ಬೇಕು. ಮಗುವಿಗೆ ಎರೆಯುವವರು ಗೋಡೆಗೆ ಒರಗಿ ಎರಡೂ ಕಾಲು ನೀಡಿ ಕೂರಬೇಕು. ಪಕ್ಕದಲ್ಲಿ ನೀರು ಬೆರೆಸಿ ಕೊಡುವವರು ಒಬ್ಬರು. ಹತ್ತು ವರ್ಷ ಬಿಟ್ಟು ನಿಮಗೋ ನಿಮ್ಮ ಮನೆಯವರಿಗೋ ಸ್ಟೂಲ್ ಮೇಲೆ ಕೂರಿಸಿ ಸ್ನಾನ ಮಾಡಿಸಬೇಕಾಗಿ ಬಂದರೂ ಅದೇ ಜಾಗ ಬೇಕು. ಗಾಲಿಕುರ್ಚಿ ತಿರುಗಲು ಐದಡಿ ಅಗಲದ ಜಾಗ ಬೇಕು ಎನ್ನುತ್ತಾರಲ್ಲ, ಅದು ಬಾಣಂತಿ ಬಚ್ಚಲಿನ ಲೆಕ್ಕಕ್ಕೆ ತಾನಾಗಿಯೇ ಹೊಂದುತ್ತದೆ. ಇಂಥ ದೊಡ್ಡ ಬಚ್ಚಲು ಕೆಳಗಿನ ಎರಡನೇ ರೂಮಿಗೆ ಅಂಟಿಕೊಂಡಿರಲಿ. ಈಗ ಅದು ಅಮ್ಮನ ರೂಮು. ಮಗಳು ಬಂದಾಗ ಅಜ್ಜಿ, ಮೊಮ್ಮಗಳು, ಕೂಸು ಮೂವರಿಗೂ ಅದೇ.

ಆ ರೂಮು ರಸ್ತೆ ಕಡೆಗಿರಲಿ. ದಯವಿಟ್ಟು ಹಿಂದಕ್ಕೆ ತಳ್ಳಬೇಡಿ. ಹಳೇ ಮನೆಗಳಲ್ಲಿ ಮುದುಕರು ಜಗಲಿ ಮೇಲೆ ಕೂತು ಬೀದಿಯಲ್ಲಿ ಹೋಗುವವರನ್ನೆಲ್ಲ "ಯಾರಪ್ಪ ಅದು" ಎಂದು ವಿಚಾರಿಸುತ್ತಿದ್ದರು. ಮಂಚದಿಂದಲೇ ಗೇಟು ಕಾಣುವಷ್ಟು ತಗ್ಗಿನ ಕಿಟಕಿ ಇಡಿಸಿದರೆ ಅರ್ಧ ಜಗಲಿ ಸಿಕ್ಕಂತೆ. ತೊಟ್ಟಿಮನೆ ಮಾದರಿಯಲ್ಲಿ ಕಟ್ಟಲೇ ಎಂದೂ ಕೇಳಿದ್ದೀರಿ. ತೊಟ್ಟಿಮನೆ ನೋಡಲು ಚೆಂದ. ತಲೆ ತಗ್ಗಿಸುವ ಬಾಗಿಲು, ಮೊಣಕಾಲೆತ್ತರದ ಹೊಸಿಲು, ಹಿತ್ತಲಿನಾಚೆ ಕಕ್ಕಸು. ಕೂಡುಕುಟುಂಬ ಅಲ್ಲಿ ಬಾಳಿತು, ಆದರೆ ಮಂಡಿ ಹೋದವರಿಗೆ ಅದು ಸುಲಭದ ಮನೆಯಾಗಿರಲಿಲ್ಲ.

ಹೊಸಿಲಿನ ಮಾತು ಬಂತು. ಮುಂಬಾಗಿಲ ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚದ ಶುಕ್ರವಾರ ನಿಮ್ಮ ಮನೆಯಲ್ಲೂ ಇರಲಿಕ್ಕಿಲ್ಲ. ಅದನ್ನು ತೆಗೆಯಿರಿ ಎಂದು ಹೇಳುವ ಧೈರ್ಯ ನನಗಿಲ್ಲ. ಇರಲಿ, ಅರ್ಧ ಇಂಚಿಗೆ ತಗ್ಗಿಸಿ, ಎರಡೂ ಅಂಚು ಇಳಿಜಾರು ಮಾಡಿಸಿ. ಒಳಗಿನ ಬಾಗಿಲುಗಳಿಗೆ ಬೇಡವೇ ಬೇಡ. ಮನೆಗೆಲ್ಲ ಹೊಸಿಲು ಒಂದೇ ಸಾಕು.

ಹೊರಗಿನಿಂದ ಒಳಬರುವ ಇಳಿಜಾರಿಗೆ ಲೆಕ್ಕ ಸುಲಭ: ಒಂದಡಿ ಏರಲು ಹನ್ನೆರಡು ಅಡಿ ಉದ್ದ. ನಕ್ಷೆಯಲ್ಲಿ ಪಾಯ ಎರಡಡಿ ಎತ್ತರ ಇದೆ, ಅಂದರೆ 24 ಅಡಿ ಇಳಿಜಾರು. ಹಾಸನದ ಮಳೆಗೆ ಪಾಯ ತೀರಾ ತಗ್ಗಿಸಲೂ ಆಗದು. ಒಂದೂವರೆ ಅಡಿ ಮಾಡಿದರೆ 18 ಅಡಿ. ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲೇ ಅಷ್ಟು ಸಿಗುತ್ತದೆ. ಎಂಜಿನಿಯರ್ ಬೇಕಾದರೆ ಅಡುಗೆಮನೆ ಹಿಂದಿನಿಂದ ಕೊಡೋಣ ಎಂದಿದ್ದಾರೆ ಎಂದು ಬರೆದಿದ್ದೀರಿ. ಮನೆಯ ಹಿರಿಯರನ್ನು ಗ್ಯಾಸ್ ಸಿಲಿಂಡರ್ ಬರುವ ಬಾಗಿಲಿನಿಂದ ಕರೆತರುವುದೇ? ಮುಂದೆಯೇ ಇರಲಿ.

ಇನ್ನು ಮೇಲಿನ ಮನೆ. ನಮ್ಮಲ್ಲಿ 'ಒಲೆ ಬೇರೆ ಆಯಿತು' ಎಂದರೆ ಮನೆ ಒಡೆಯಿತು ಎಂದೇ ಅರ್ಥ. ಹಾಗಾಗಿ ಮೇಲೊಂದು ಅಡುಗೆಮನೆ ಎಂದ ಕೂಡಲೇ ನಿಮ್ಮ ಮನೆಯವರು ಮುಖ ಸಣ್ಣ ಮಾಡಬಹುದು. ಆದರೆ ದಿನಚರಿ ನೋಡಿ. ನಿಮ್ಮ ಡಿಕಾಕ್ಷನ್ ಬೆಳಗ್ಗೆ ಐದೂವರೆಗೆ ಇಳಿಯುತ್ತದೆ. ಅಮೆರಿಕದವರ ಜೊತೆ ಮೀಟಿಂಗ್ ಮುಗಿಸಿ ಮಗ ಮಲಗುವುದು ರಾತ್ರಿ ಒಂದಕ್ಕೋ ಎರಡಕ್ಕೋ. ಸೊಸೆ ಹತ್ತು ಗಂಟೆಗೆ ಮೊಟ್ಟೆ ಬೇಯಿಸಬೇಕು, ಅಮ್ಮ ಅಷ್ಟರಲ್ಲಿ ಮಡಿಯಲ್ಲಿ ದೇವರ ಮುಂದೆ. ಯಾರದೂ ತಪ್ಪಲ್ಲ. ಒಂದೇ ಒಲೆಯ ಮುಂದೆ ಇವರೆಲ್ಲ ನಿಂತರೆ ಮೂರನೇ ತಿಂಗಳಿಗೆ ಮಗ ಹೊರಗೆ ಬಾಡಿಗೆ ಮನೆ ಹುಡುಕುತ್ತಾನೆ. ಮೇಲೊಂದು ಒಲೆ ಇದ್ದರೆ ಮಧ್ಯಾಹ್ನದ ಊಟಕ್ಕೆ ಕೆಳಗೇ ಬರುತ್ತಾರೆ, ಸಾರಿನ ಪಾತ್ರೆ ಮೆಟ್ಟಿಲು ಹತ್ತಿ ಇಳಿಯುತ್ತದೆ.

ಈಗಲೇ ಕಟ್ಟೆ ಕಟ್ಟಿ ಗ್ರಾನೈಟ್ ಹಾಕಬೇಡಿ. ಕೆಳಗಿನ ಅಡುಗೆಮನೆಯ ನೇರ ಮೇಲಿನ ರೂಮಿಗೆ ನೀರಿನ ಪೈಪು, ಸಿಂಕಿನ ಚರಂಡಿ ಪೈಪು, ಮಿಕ್ಸಿ ಫ್ರಿಜ್ಜಿಗೆ ಬೇಕಾದ ವೈರಿಂಗ್ ಮುಟ್ಟಿಸಿ ಮುಚ್ಚಳ ಹಾಕಿಬಿಡಿ. ಅಲ್ಲಿಯವರೆಗೆ ಅದು ನಿಮ್ಮ ಪುಸ್ತಕದ ಕೋಣೆ. ಕರೆಂಟ್ ಮೀಟರ್ ಬೋರ್ಡಿನಲ್ಲಿ ಎರಡನೇ ಮೀಟರಿಗೂ ಜಾಗ ಬಿಡಿ.  ಎರಡು ಸಂಸಾರ ಒಂದೇ ಮೀಟರಿನಲ್ಲಿದ್ದರೆ ಗೀಸರ್ ಯಾರು ಜಾಸ್ತಿ ಹಾಕಿದರು ಎಂಬ ಮಾತು ಬಂದೇ ಬರುತ್ತದೆ. ಮಗ ಕೆಲಸ ಮಾಡುವ ಕೋಣೆ ಅಮ್ಮನ ಮಂಚದ ನೆತ್ತಿಯ ಮೇಲೆ ಬಾರದಿರಲಿ. ಉರುಳುವ ಕುರ್ಚಿಯ ಸದ್ದು ರಾತ್ರಿ ಕೆಳಗೆ ಚೆನ್ನಾಗಿ ಕೇಳುತ್ತದೆ.

ಲಿಫ್ಟ್ ಬಗ್ಗೆ ಕೇಳಿದ್ದೀರಿ. ಈಗ ಬೇಡ. ಕೆಳಗೊಂದು, ಅದರ ನೇರ ಮೇಲೊಂದು, ಐದಡಿ ಚೌಕದ ಉಗ್ರಾಣ ಮಾಡಿ. ಸ್ಲ್ಯಾಬ್ ಹಾಕುವಾಗ ಆ ಚೌಕದ ಸುತ್ತ ಬೀಮ್ ಕೊಡಿಸಿದರೆ ಮುಂದೆ ಅಷ್ಟನ್ನೇ ಕತ್ತರಿಸಿ ತೆಗೆಯಬಹುದು. ಕಂಪನಿಯಿಂದ ಕಂಪನಿಗೆ ಅಳತೆ, ಕೆಳಗಿನ ಗುಂಡಿಯ ಆಳ ಬೇರೆ ಬೇರೆ. ಒಂದೆರಡು ಕಡೆ ಈಗಲೇ ವಿಚಾರಿಸಿ ಎಂಜಿನಿಯರಿಗೆ ಹೇಳಿ. ಅಲ್ಲಿಯವರೆಗೆ ಉಪ್ಪಿನಕಾಯಿ ಭರಣಿ ಇರಲಿ.

ದುಡ್ಡಿನ ವಿಷಯಕ್ಕೆ ಬಂದರೆ, ನಾನು ನಿಮ್ಮ ಜಾಗದಲ್ಲಿದ್ದರೆ ಮೇಲಿನ ಮನೆಯನ್ನು ಈಗ ಕಟ್ಟುತ್ತಲೇ ಇರಲಿಲ್ಲ. ಎರಡು ಮಹಡಿಗೆ ಪಾಯ, ಪಿಲ್ಲರ್, ನಕ್ಷೆಗೆ ಮಂಜೂರಾತಿ ಎಲ್ಲ ಮಾಡಿಸಿ ಕೆಳಗಿನದು ಮುಗಿಸಿ, ಮೆಟ್ಟಿಲನ್ನು ತಾರಸಿಗೆ ಬಿಡುತ್ತಿದ್ದೆ. ಪುಸ್ತಕದ ಕೋಣೆ ಕಾಯಬಹುದು, ಪೈಪುಗಳ ತುದಿ ತಾರಸಿಯಲ್ಲಿ ಮುಚ್ಚಳ ಹಾಕಿಕೊಂಡು ಕೂರಲಿ. ಮೇಲೆ ಚಾಚಿದ ಕಂಬಿಗಳನ್ನು ಹಾಗೇ ಬಿಟ್ಟರೆ ತುಕ್ಕು ತಿನ್ನುತ್ತದೆ, ಸಿಮೆಂಟಿನಲ್ಲಿ ಮುಚ್ಚಿಸಿ. ನಿವೃತ್ತಿಯಲ್ಲಿ ಕೈಗೆ ಬರುವ ಜಿಪಿಎಫ್, ಗ್ರಾಚುಟಿ, ಪಿಂಚಣಿಯ ಕಮ್ಯುಟೇಶನ್ ಹಣ ಮೂರನ್ನೂ ಇಟ್ಟಿಗೆಗೇ ಸುರಿದು, ಆಮೇಲೆ ಆಸ್ಪತ್ರೆಗೆ ಮಗನ ಹತ್ತಿರ ಕೇಳುವುದು ಚೆನ್ನಾಗಿರುವುದಿಲ್ಲ. ಬರುತ್ತೇವೆ ಎಂದವರು ಬರುವ ವರ್ಷ ಹೇಳಲಿ, ಮೇಲಿನದಕ್ಕೆ ಅವರದೂ ಪಾಲು ಹಾಕಲಿ. ಹಾಕಿದ್ದನ್ನು ಬರೆದಿಡಿ. ಮಗಳಿಗೂ ಗೊತ್ತಿರಲಿ.

ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಬಿಡಲೇ ಎಂದು ಪತ್ರದ ಕೊನೆಗೆ ಸುಮ್ನೆ ಒಂದು ಸಾಲು ಬರೆದಿದ್ದೀರಿ. ಈಗ ಬೇಡ. ವಿಲ್ ಬರೆಯಿರಿ. ಅದನ್ನು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ದಾನಪತ್ರ ಹಾಗಲ್ಲ. ಮಾಡಲೇಬೇಕೆಂದರೆ ನಿಮ್ಮಿಬ್ಬರನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಅದರಲ್ಲೇ ಬರೆಸಿ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಕೆಳಗೆ, ಷರತ್ತು ಮುರಿದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಿ ಆ ಪತ್ರ ರದ್ದು ಮಾಡಿಸಬಹುದು. ಷರತ್ತು ಬರೆಯದೆ ಪ್ರೀತಿಯಿಂದ ಕೊಟ್ಟವರಿಗೆ ಅದು ಕಷ್ಟ. ಬರೆಸುವ ಮುಂಚೆ ನಿಮ್ಮೂರಿನ ಒಳ್ಳೆಯ ವಕೀಲರೊಬ್ಬರನ್ನು ಕಾಣಿ.

ಸಣ್ಣಪುಟ್ಟದ್ದು: ಪ್ಲಗ್ ಪಾಯಿಂಟ್‌ಗಳು ನೆಲದಿಂದ ಎರಡಡಿ ಮೇಲಿರಲಿ, ಬಗ್ಗುವುದು ತಪ್ಪುತ್ತದೆ. ಮಂಚದ ಪಕ್ಕ ಒಂದು ಸ್ವಿಚ್ ಇರಲಿ, ಬಚ್ಚಲ ದಾರಿಯ ದೀಪದ್ದು. ಹೊಳೆಯುವ ಟೈಲ್ಸ್ ಬೇಡ. ಪ್ಲಾಸ್ಟರ್ ಮಾಡುವ ಮೊದಲು ಗೋಡೆಗಳ ಪಕ್ಕ ಟೇಪ್ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಪೈಪು ಎಲ್ಲಿದೆ ಎಂದು ಹತ್ತು ವರ್ಷದ ಮೇಲೆ ಮೇಸ್ತ್ರಿಗೂ ನೆನಪಿರುವುದಿಲ್ಲ.

ನಕ್ಷೆಯನ್ನು ಪೆನ್ಸಿಲ್ ಗುರುತುಗಳ ಸಮೇತ ವಾಪಸ್ ಕಳಿಸುತ್ತಿದ್ದೇನೆ. ನಾಲ್ಕು ಪುಟದ ಪತ್ರದಲ್ಲಿ ಎಂಜಿನಿಯರ್ ಏನೆಂದರು, ಮಗ ಏನೆಂದ, ವಾಸ್ತುವಿನವರು ಏನೆಂದರು ಎಲ್ಲ ಇದೆ. ನಿಮ್ಮ ಮನೆಯವರು ಏನೆಂದರು ಎಂಬುದು ಒಂದು ಸಾಲೂ ಇಲ್ಲ. ಅಡುಗೆಮನೆಯ ಒಂದೇ ಒಂದು ಕಿಟಕಿ ಪಕ್ಕದವರ ಕಾಂಪೌಂಡ್ ಗೋಡೆಗೆ ಮುಖ ಮಾಡಿದೆ. ಅಲ್ಲೊಂದು ಪ್ರಶ್ನೆ ಚಿಹ್ನೆ ಹಾಕಿದ್ದೇನೆ. ಉತ್ತರ ಅವರ ಹತ್ತಿರ ಬರೆಸಿ ಕಳಿಸಿ.

- ಸಂಪಾದಕ