ನ್ಯಾನೊ ಕಿಮೋ: ಔಷಧಿ ಹಳೆಯದೇ, ಗಾಡಿ ಬೇರೆ

ಪ್ರಶ್ನೆ: ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಮರುಕಳಿಸಿದೆ. ಲಿಪೋಸೋಮಲ್ ಡಾಕ್ಸೊರುಬಿಸಿನ್ ಕೊಡುತ್ತೇವೆ ಎಂದಿದ್ದಾರೆ. ನ್ಯಾನೊ ಔಷಧಿ ನೇರ ಗಡ್ಡೆಗೇ ಹೋಗುತ್ತದೆ, ಅಡ್ಡಪರಿಣಾಮ ಇಲ್ಲ ಅಂತ ನೆಂಟರು ಹೇಳುತ್ತಾರೆ. ನಿಜವೇ? ಅಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ, ಮುಂದುವರಿಸಬಹುದೇ? (ದಾವಣಗೆರೆ)

ಉತ್ತರ: ಗಡ್ಡೆಯನ್ನು ಹುಡುಕಿಕೊಂಡು ಹೋಗುವ ಯಾವ ಸಾಧನವೂ ಈ ಔಷಧಿಯಲ್ಲಿಲ್ಲ. ಒಳಗಿರುವುದು ಹಳೆಯ ಡಾಕ್ಸೊರುಬಿಸಿನ್ನೇ. ಅದನ್ನು ಸುಮಾರು 80ರಿಂದ 100 ನ್ಯಾನೊಮೀಟರ್ ಗಾತ್ರದ ಕೊಬ್ಬಿನ ಗುಳ್ಳೆಗಳಲ್ಲಿ (ಇವೇ ಲಿಪೋಸೋಮ್) ತುಂಬಿ, ಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಹೊದಿಸಿರುತ್ತಾರೆ. ಈ ಹೊದಿಕೆಯಿಂದಾಗಿ ಯಕೃತ್ತು, ಗುಲ್ಮಗಳ ಭಕ್ಷಕ ಕೋಶಗಳಿಗೆ ಗುಳ್ಳೆ ಬೇಗ ಸಿಗುವುದಿಲ್ಲ. ಬರಿ ಔಷಧಿ ನಿಮಿಷಗಳಲ್ಲೇ ರಕ್ತ ಬಿಟ್ಟು ಮೈಯೆಲ್ಲ ಹರಡಿದರೆ, ಗುಳ್ಳೆಯೊಳಗಿನದು ದಿನಗಟ್ಟಲೆ ರಕ್ತದಲ್ಲೇ ಸುತ್ತುತ್ತದೆ. ಗಡ್ಡೆಯ ರಕ್ತನಾಳಗಳ ಗೋಡೆ ಸಡಿಲವಾಗಿರುವುದರಿಂದ ಸುತ್ತುವಾಗ ಒಂದಿಷ್ಟು ಅಲ್ಲಿ ಸೋರಿ ಉಳಿಯುತ್ತದೆ. ಜಪಾನಿನ ಮಾತ್ಸುಮುರಾ ಮತ್ತು ಮಾಏದಾ 1986ರಲ್ಲಿ ವಿವರಿಸಿದ್ದು ಇದನ್ನೇ.

ಆ 'ಒಂದಿಷ್ಟು' ಎಷ್ಟೆಂದು ತಿಳಿದರೆ ನೆಂಟರ ಉತ್ಸಾಹ ಇಳಿಯಬಹುದು. ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು 2016ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಚುಚ್ಚಿದ ನ್ಯಾನೊ ಕಣಗಳಲ್ಲಿ ಗಡ್ಡೆ ತಲುಪಿದ್ದು ಮಧ್ಯಾಂಕ ಲೆಕ್ಕದಲ್ಲಿ ಶೇ 0.7 ಮಾತ್ರ. ಈ ಮದ್ದಿನ ನಿಜವಾದ ಲಾಭ ಇರುವುದು ಹೃದಯಕ್ಕೆ. ಗುಳ್ಳೆಗಳು ಹೃದಯದ ರಕ್ತನಾಳಗಳಿಂದ ಸುಲಭಕ್ಕೆ ಸೋರುವುದಿಲ್ಲ. ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ ಬರಿ ಔಷಧಿ, ಗುಳ್ಳೆಯ ಔಷಧಿ ಎರಡನ್ನೂ ಹೋಲಿಸಿದ ಪ್ರಯೋಗದಲ್ಲಿ ರೋಗಿಗಳು ಬದುಕಿದ ಅವಧಿ ಹೆಚ್ಚುಕಡಿಮೆ ಒಂದೇ ಆಗಿತ್ತು, ಗುಳ್ಳೆಯ ಔಷಧಿಯಲ್ಲಿ ಹೃದಯದ ಹಾನಿ ಮಾತ್ರ ಬಹಳ ಕಡಿಮೆ ಇತ್ತು. ಹಾಗೆಂದು ಎಕೋ (ಹೃದಯದ ಸ್ಕ್ಯಾನ್) ಪರೀಕ್ಷೆ ಬಿಡುವಂತಿಲ್ಲ. ಹಿಂದೆ ಡಾಕ್ಸೊರುಬಿಸಿನ್ ಅಥವಾ ಅದೇ ಗುಂಪಿನ ಔಷಧಿ ಕೊಟ್ಟಿದ್ದರೆ ಅದರ ಒಟ್ಟು ಪ್ರಮಾಣವನ್ನು ಡಾಕ್ಟರಿಗೆ ತಪ್ಪದೆ ತಿಳಿಸಿ.

ಇನ್ನು ಭಟ್ಟಿಯ ಕೆಲಸ. ಇದೇ ಗುಳ್ಳೆಗಳು ಅಂಗೈ, ಅಂಗಾಲುಗಳ ಚರ್ಮದಲ್ಲೂ ಸೋರಿ ನಿಲ್ಲುತ್ತವೆ. ಶಾಖ, ಒತ್ತಡ, ತಿಕ್ಕಾಟ ಇದ್ದಲ್ಲಿ ಇನ್ನೂ ಜಾಸ್ತಿ. ಮೊದಲು ಜುಮ್ಮೆನ್ನುತ್ತದೆ, ಆಮೇಲೆ ಕೆಂಪು, ಉರಿ, ಕೊನೆಗೆ ಬೊಬ್ಬೆ. ಸಾಮಾನ್ಯವಾಗಿ ಎರಡು-ಮೂರು ಸುತ್ತಿನ ನಂತರ ಶುರುವಾಗುವುದರಿಂದ 'ಮೊದಲ ಸಲ ಏನೂ ಆಗಲಿಲ್ಲವಲ್ಲ' ಎಂದು ಜನ ಮೈಮರೆಯುತ್ತಾರೆ. ಪ್ರತಿ ಡ್ರಿಪ್ ಆದ ಮೇಲೆ ಮೊದಲ ವಾರ ಭಟ್ಟಿಯ ಹತ್ತಿರ ಹೋಗುವುದೇ ಬೇಡ. ಬಿಸಿ ಮುದ್ದೆ ಕಟ್ಟುವುದು, ಸುಡುನೀರಿನ ಸ್ನಾನ, ಬಟ್ಟೆ ಕುಕ್ಕುವುದು, ಬಿಗಿಯಾದ ಚಪ್ಪಲಿ, ಬಿಗಿ ಬಳೆ ಇವೂ ಬೇಡ. ವಾಸನೆಯಿಲ್ಲದ ಮಾಯಿಶ್ಚರೈಸರ್ ದಿನಕ್ಕೆ ಎರಡು-ಮೂರು ಸಲ ಹಚ್ಚಿ, ಆದರೆ ತಿಕ್ಕಬೇಡಿ. ಬೊಬ್ಬೆ ಎದ್ದರೆ ಮುಂದಿನ ಸುತ್ತಿನವರೆಗೆ ಕಾಯದೆ ಫೋನ್ ಮಾಡಿ. ಡೋಸ್ ಎರಡು ವಾರ ಮುಂದೂಡುವುದು ಅಥವಾ ಕಾಲು ಭಾಗ ಇಳಿಸುವುದು ರೂಢಿ. ಒಂದೆರಡು ದಿನ ಮೂತ್ರ ಕೆಂಪಗೆ ಬಂದರೆ ಅದು ಔಷಧಿಯ ಬಣ್ಣ, ರಕ್ತವಲ್ಲ. ಆದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು.

ಪ್ರಶ್ನೆ: ಇದೇ ಔಷಧಿಯನ್ನು ಬೆಂಗಳೂರಿನಿಂದ ತರಲು ಹೇಳಿದ್ದಾರೆ. ಬಸ್ಸಿನಲ್ಲಿ ಹೇಗೆ ತರುವುದು? (ಚಳ್ಳಕೆರೆ)

ಉತ್ತರ: 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಚಳ್ಳಕೆರೆಯ ಬಿಸಿಲಿಗೆ ಎಲ್ಲರೂ ಹೆದರುತ್ತಾರೆ, ಆದರೆ ಅತಿಯಾದ ತಣ್ಣಗಿನಿಂದಲೂ ಇದು ಕೆಡಬಹುದು. ವಯಲ್ (ಔಷಧಿಯ ಪುಟ್ಟ ಸೀಸೆ) ಹೆಪ್ಪುಗಟ್ಟಿದರೆ ಕೊಬ್ಬಿನ ಗುಳ್ಳೆ ಒಡೆದು ಔಷಧಿ ಹೊರಬರಬಹುದು. ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಾಣಬಹುದು. ಆದ್ದರಿಂದ ಥರ್ಮೋಕೋಲ್ ಡಬ್ಬಿಯ ತಳದಲ್ಲಿ ಜೆಲ್ ಪ್ಯಾಕ್, ಅದರ ಮೇಲೆ ದಪ್ಪ ಟವೆಲ್, ಆಮೇಲೆ ರಟ್ಟಿನ ಪೆಟ್ಟಿಗೆ ಸಮೇತ ವಯಲ್ ಇಡಿ. ಐಸ್ ನೇರವಾಗಿ ತಾಗಬಾರದು. ಫ್ರೀಜರ್‌ನಿಂದ ತೆಗೆದ ಪ್ಯಾಕ್ ಹೊರಮೈ ಬೆವರುವವರೆಗೆ ಹೊರಗಿರಲಿ. ಮನೆಯಲ್ಲಿ ಫ್ರಿಜ್ಜಿನ ನಡುತಟ್ಟೆಯಲ್ಲಿಡಿ. ಬಾಗಿಲಲ್ಲಿ ಬೇಡ, ಫ್ರೀಜರ್ ಅಂತೂ ಬೇಡವೇ ಬೇಡ.

ಡ್ರಿಪ್ ಹಾಕುವಾಗ ಗಮನಿಸಬೇಕಾದದ್ದೂ ಇದೆ. ಇದನ್ನು ಬೆರೆಸುವುದು ಶೇ 5ರ ಡೆಕ್ಸ್‌ಟ್ರೋಸ್‌ನಲ್ಲಿ ಮಾತ್ರ, ಸಲೈನ್‌ನಲ್ಲಿ ಅಲ್ಲ. ಡೋಸ್ 90 ಮಿಲಿಗ್ರಾಂವರೆಗೆ ಇದ್ದರೆ 250 ಮಿಲಿಲೀಟರ್, ಮೀರಿದರೆ 500. ಮೊದಲ ಸಲ ನಿಮಿಷಕ್ಕೆ 1 ಮಿಲಿಗ್ರಾಂನಂತೆ ನಿಧಾನಕ್ಕೆ ಶುರುಮಾಡುತ್ತಾರೆ. ಮುಖ ಕೆಂಪೇರುವುದು, ಎದೆ ಬಿಗಿಯುವುದು, ಸೊಂಟ ಹಿಡಿದಂತಾಗುವುದು, ಉಸಿರು ಕಟ್ಟುವುದು ಕಂಡರೆ ನರ್ಸ್‌ಗೆ ತಕ್ಷಣ ಹೇಳಿ. ಇದು ಬಹುಪಾಲು ಮೊದಲ ಡ್ರಿಪ್‌ನಲ್ಲೇ ಆಗುವಂಥದ್ದು. ನಿಲ್ಲಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಸಮಯ ಆಯಿತೆಂದು ಡ್ರಿಪ್ ಜೋರು ಮಾಡಿಸಬೇಡಿ.

ಪ್ರಶ್ನೆ: ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್ ಒಂದೇ ಅಲ್ಲವೇ? ಒಂದು ಸಿಗದಿದ್ದರೆ ಅಷ್ಟೇ ಮಿಲಿಗ್ರಾಂ ಇನ್ನೊಂದನ್ನು ತರಬಹುದೇ? (ಚನ್ನಗಿರಿ)

ಉತ್ತರ: ತರಬಾರದು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಈ ಕಿಮೋ ಔಷಧಿ ನೀರಿನಲ್ಲಿ ಕರಗುವುದಿಲ್ಲ. ಸಾಮಾನ್ಯ ಔಷಧಿಯನ್ನು ಸಂಸ್ಕರಿಸಿದ ಹರಳೆಣ್ಣೆಯ ದ್ರಾವಕ ಮತ್ತು ಆಲ್ಕೋಹಾಲ್‌ನಲ್ಲಿ ಕರಗಿಸಿರುತ್ತಾರೆ. ಅಲರ್ಜಿ ಬಹುಮಟ್ಟಿಗೆ ಆ ದ್ರಾವಕದ ಕೊಡುಗೆ. ಅದಕ್ಕೇ ಮುಂಚಿತವಾಗಿ ಸ್ಟೀರಾಯ್ಡ್ ಕೊಟ್ಟು, ಮೂರು ಗಂಟೆ ಡ್ರಿಪ್ ಹಾಕುವುದು. ನ್ಯಾಬ್‌ನಲ್ಲಿ ಆ ದ್ರಾವಕವಿಲ್ಲ; ಮಾನವ ಆಲ್ಬುಮಿನ್‌ಗೆ ಔಷಧಿ ಅಂಟಿಸಿದ ಸುಮಾರು 130 ನ್ಯಾನೊಮೀಟರ್ ಕಣಗಳಿವೆ. ಅರ್ಧ ಗಂಟೆ ಸಾಕು, ಸಾಮಾನ್ಯವಾಗಿ ಸ್ಟೀರಾಯ್ಡ್ ಬೇಕಿಲ್ಲ.

150 ಸೆಂಟಿಮೀಟರ್ ಎತ್ತರ, 50 ಕಿಲೊ ತೂಕದವರ ಮೈ ವಿಸ್ತೀರ್ಣ ಸುಮಾರು 1.44 ಚದರ ಮೀಟರ್. ಸ್ತನ ಕ್ಯಾನ್ಸರ್‌ಗೆ ಮೂರು ವಾರಕ್ಕೊಮ್ಮೆಯ ಲೆಕ್ಕದಲ್ಲಿ ಸಾಮಾನ್ಯ ಔಷಧಿ ಚದರ ಮೀಟರಿಗೆ 175ರಂತೆ 252 ಮಿಲಿಗ್ರಾಂ ಆಗುತ್ತದೆ. ನ್ಯಾಬ್ 260ರಂತೆ ಸುಮಾರು 375, ಅಂದರೆ 100 ಮಿಲಿಗ್ರಾಂನ ನಾಲ್ಕು ವಯಲ್. ನ್ಯಾಬ್‌ನ ಡೋಸ್‌ನಲ್ಲಿ ಸಾಮಾನ್ಯದ್ದನ್ನು ಕೊಟ್ಟರೆ ಅಪಾಯ, ತಿರುವುಮುರುವಾದರೆ ಡೋಸ್ ಸಾಲದು. ಬಿಲ್ಲಿನಲ್ಲಿ 'ಪ್ಯಾಕ್ಲಿಟ್ಯಾಕ್ಸೆಲ್' ಎಂದಷ್ಟೇ ಇದ್ದರೆ ಪೆಟ್ಟಿಗೆಯ ಮೇಲೆ 'ಆಲ್ಬುಮಿನ್' ಇದೆಯೇ ನೋಡಿ. ನ್ಯಾಬ್ ಪುಡಿಗೆ 20 ಮಿಲಿಲೀಟರ್ ಸಲೈನ್ ಅನ್ನು ವಯಲ್‌ನ ಒಳಗೋಡೆಗೆ ತಾಗುವಂತೆ ಕನಿಷ್ಠ ಒಂದು ನಿಮಿಷ ನಿಧಾನಕ್ಕೆ ಬಿಟ್ಟು, ಐದು ನಿಮಿಷ ನೆನೆಸಿ, ಮೆಲ್ಲಗೆ ತಿರುಗಿಸಬೇಕು. ಕುಲುಕಿದರೆ ನೊರೆ ಬರುತ್ತದೆ. ತಯಾರಾದದ್ದು ಹಾಲಿನಂತೆ ಬೆಳ್ಳಗಿರುತ್ತದೆ, ಕೆಟ್ಟಿದೆ ಎಂದು ಗಾಬರಿ ಬೇಡ. ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ, ಪ್ಯಾಕೇಜ್‌ನಲ್ಲಿ ಇವೆರಡರಲ್ಲಿ ಯಾವುದು ಸೇರಿದೆ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿ.

ಪ್ರಶ್ನೆ: ಕಿಮೋ ಬದಲು 'ನ್ಯಾನೊ ಅರಿಶಿನ' ಹನಿ ಸಾಕೇ? (ಹಿರಿಯೂರು)

ಉತ್ತರ: ಸಾಲದು. ಕಣ ಚಿಕ್ಕದಾದರೆ ಕರುಳು ಹೆಚ್ಚು ಹೀರಿಕೊಳ್ಳಬಹುದು, ಅಷ್ಟರಿಂದ ಅದು ಕ್ಯಾನ್ಸರ್ ಔಷಧಿ ಆಗುವುದಿಲ್ಲ. ಕಿಮೋ ಜೊತೆಗೂ ಡಾಕ್ಟರಿಗೆ ಹೇಳದೆ ಬೇಡ: ಇಂಥವುಗಳಲ್ಲಿ ಎಷ್ಟೋ ಸಲ ಕಾಳುಮೆಣಸಿನ ಸಾರ ಸೇರಿರುತ್ತದೆ, ಅದು ಯಕೃತ್ತು ಔಷಧಿಗಳನ್ನು ಒಡೆಯುವ ವೇಗ ಬದಲಿಸಬಲ್ಲದು. ಅಡುಗೆಯ ಅರಿಶಿನಕ್ಕೆ ಅಡ್ಡಿಯಿಲ್ಲ.

ಪ್ರಶ್ನೆ: ಅಪ್ಪನಿಗೆ ಬಾಯಿ ಕ್ಯಾನ್ಸರ್. ನ್ಯಾನೊ ಕಿಮೋ ಸಿಗುವ ಕಡೆ ವಿಚಾರಿಸಿ ಆಮೇಲೆ ಆಪರೇಷನ್ ಮಾಡಿಸೋಣವೇ? (ಹೊಸದುರ್ಗ)

ಉತ್ತರ: ಕಾಯಬೇಡಿ. ಬಾಯಿ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಮೊದಲು ಆಪರೇಷನ್, ಅಗತ್ಯವಿದ್ದರೆ ರೇಡಿಯೇಷನ್. ಅದರ ಜೊತೆ ಕೊಡುವ ಮುಖ್ಯ ಔಷಧಿ ಹಳೆಯ, ಅಗ್ಗದ ಸಿಸ್‌ಪ್ಲಾಟಿನ್. ಆ ಜಾಗದಲ್ಲಿ ನ್ಯಾನೊ ಔಷಧಿಗೆ ಇನ್ನೂ ಸ್ಥಾನವಿಲ್ಲ. ಆಪರೇಷನ್ ಆಗಿ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು. ಗುಟ್ಕಾ ಬಿಟ್ಟು ಬರಿ ಅಡಿಕೆ ಜಗಿಯುತ್ತೇನೆ ಎಂದರೂ ಒಪ್ಪಬೇಡಿ. ಅಡಿಕೆ ನಾಡಿನಲ್ಲಿ ಈ ಮಾತು ರುಚಿಸದಿದ್ದರೂ, ಅಡಿಕೆಯೊಂದೇ ಸಾಕು ಕ್ಯಾನ್ಸರ್ ತರಲು. ಉಳಿಸಲಾಗದ ಹುಳುಕು ಹಲ್ಲುಗಳಿದ್ದರೆ ರೇಡಿಯೇಷನ್‌ಗೆ ಕನಿಷ್ಠ ಎರಡು ವಾರ ಮೊದಲೇ ಕೀಳಿಸಿ, ಏಕೆಂದರೆ ನಂತರ ಕಿತ್ತರೆ ದವಡೆಯ ಮೂಳೆ ಮಾಯುವುದು ಕಷ್ಟ.