ಮನೆಯಲ್ಲಿರುವುದು ನಾಲ್ಕು, ವೈಫೈ ಪಟ್ಟಿಯಲ್ಲಿ ಹನ್ನೊಂದು

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ದಾವಣಗೆರೆಯ ವಿದ್ಯಾನಗರದಲ್ಲಿ ಕೆಳಗೆ ನಾವಿಬ್ಬರು, ಮೇಲೆ ಓದುವ ಹುಡುಗರಿಗೆ ಬಾಡಿಗೆ. ಒಂದು ರೂಮು ಖಾಲಿ ಇದೆ, ಗೇಟಿಗೆ ಬೋರ್ಡ್ ಹಾಕಿದ್ದೇವೆ. ಕೆಲವು ತಿಂಗಳಿಂದ ಸಂಜೆಯಾದರೆ ಇಂಟರ್‌ನೆಟ್ ತೆವಳುತ್ತದೆ. ಮೊಮ್ಮಗ ಬಂದಾಗ ನೋಡಿ, ‘ಅಜ್ಜಿ, ಹನ್ನೊಂದು ಕನೆಕ್ಷನ್ ಇವೆ’ ಎಂದ. ನಮ್ಮದು ಎರಡು ಫೋನು, ಒಂದು ಟಿವಿ, ಗೇಟಿನ ಕ್ಯಾಮೆರಾ ಅಷ್ಟೇ. ಪಾಸ್‌ವರ್ಡ್ ನಮ್ಮವರ ಮೊಬೈಲ್ ನಂಬರ್. ಫೈಬರ್ ಹಾಕಲು ಬಂದ ಹುಡುಗನೇ ಇಟ್ಟುಕೊಟ್ಟದ್ದು. ಯಾರಾದರೂ ಹ್ಯಾಕ್ ಮಾಡಿದ್ದಾರಾ? ಪೊಲೀಸರಿಗೆ ಹೇಳಬೇಕಾ?

ಉತ್ತರ: ಮೇಡಂ, ಗೇಟಿನ ಬೋರ್ಡಿನ ಮೇಲೆ ಯಾರ ನಂಬರ್ ಬರೆಸಿದ್ದೀರಿ, ಒಮ್ಮೆ ನೋಡಿ. ನಿಮ್ಮ ಯಜಮಾನರದೇ ಆಗಿದ್ದರೆ ವೈಫೈ ಪಾಸ್‌ವರ್ಡ್ ರಸ್ತೆಗೇ ಕಾಣುವಂತೆ ತೂಗುತ್ತಿದೆ. ಹ್ಯಾಕ್ ಮಾಡುವ ಕಷ್ಟ ಯಾರಿಗೂ ಬಿದ್ದಿರಲಾರದು. ಮೇಲಿನ ಒಬ್ಬ ಹುಡುಗನಿಗೆ ಎಂದೋ ಕೊಟ್ಟಿದ್ದರೂ ಸಾಕು: ಅವನ ಫೋನಿನಲ್ಲಿ ಕ್ಯೂಆರ್ ಕೋಡ್ ತೆಗೆದು ಸ್ನೇಹಿತನಿಗೆ ತೋರಿಸಿದರೆ ಅವನೂ ಒಳಗೆ. ಹಾಗಾಗಿ ಪೊಲೀಸರ ಮಾತು ಈಗಲೇ ಬೇಡ.

ಮೊಬೈಲ್ ನಂಬರನ್ನು ಪಾಸ್‌ವರ್ಡ್ ಮಾಡುವ ಈ ರೂಢಿ ನನಗೆ ನಿಜಕ್ಕೂ ಸಂಕಟದ ವಿಷಯ. ಬೋರ್ಡ್ ಇಲ್ಲದಿದ್ದರೂ ಅದು ದುರ್ಬಲವೇ. ನಮ್ಮ ನಂಬರ್‌ಗಳು 6, 7, 8, 9ರಿಂದಲೇ ಶುರುವಾಗುವುದರಿಂದ ಒಟ್ಟು ಸಾಧ್ಯತೆ 400 ಕೋಟಿ. ಫೋನು ರೂಟರಿಗೆ ಸೇರುವಾಗ ಎರಡರ ನಡುವೆ ನಡೆಯುವ ಮಾತುಕತೆಯನ್ನು ಹೊರಗಿನವರು ಹಿಡಿದಿಟ್ಟುಕೊಂಡರೆ, ಆಮೇಲೆ ತಮ್ಮ ಮನೆಯಲ್ಲಿ ಕೂತು ಒಂದೊಂದೇ ನಂಬರ್ ಹಾಕಿ ನೋಡಬಹುದು. ಗೇಮ್ ಆಡುವ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ ನಾಲ್ಕು ಲಕ್ಷ ನಂಬರ್ ಪರೀಕ್ಷಿಸುತ್ತದೆ ಎಂದಿಟ್ಟುಕೊಳ್ಳಿ. ಮೂರು ಗಂಟೆಯೊಳಗೆ ಅಷ್ಟೂ ಮುಗಿಯುತ್ತದೆ.

ಮೊದಲು ಆ ಹನ್ನೊಂದು ಯಾವುವು ಎಂದು ತಿಳಿಯೋಣ. ನಿಮ್ಮ ನಾಲ್ಕರಲ್ಲಿ ಒಂದೊಂದನ್ನೇ ಆಫ್ ಮಾಡುತ್ತ ಪಟ್ಟಿಯಲ್ಲಿ ಯಾವುದು ಮಾಯವಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಹೋದ ಹಬ್ಬಕ್ಕೆ ಬಂದಿದ್ದ ನೆಂಟರ ಫೋನಿನ ಹೆಸರೂ ಕೆಲವು ರೂಟರ್‌ಗಳ ಪಟ್ಟಿಯಲ್ಲಿ ಉಳಿದಿರುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ.

ಆಮೇಲೆ ಮೊಮ್ಮಗನನ್ನು ಕೂರಿಸಿಕೊಂಡು ರೂಟರಿನ ಒಳಪುಟ ತೆರೆಸಿ. ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಹೊಡೆದರೆ ಸಾಮಾನ್ಯವಾಗಿ ಬರುತ್ತದೆ. ಸರಿಯಾದದ್ದು ಪೆಟ್ಟಿಗೆಯ ತಳದ ಸ್ಟಿಕರ್ ಮೇಲೂ ಇರುತ್ತದೆ. ಅಲ್ಲಿ ಮೊದಲ ಕೆಲಸ ವೈಫೈ ಪಾಸ್‌ವರ್ಡಿನದಲ್ಲ, ಈ ಒಳಪುಟಕ್ಕೆ ಹೋಗಲು ಕೇಳುವ ಅಡ್ಮಿನ್ ಪಾಸ್‌ವರ್ಡಿನದು. ಅದು ಇನ್ನೂ ‘ಅಡ್ಮಿನ್’ ಎಂದೇ ಉಳಿದಿದ್ದರೆ, ಒಳಗೆ ಸೇರಿಕೊಂಡವರು ನೀವು ಇಡುವ ಹೊಸ ವೈಫೈ ಪಾಸ್‌ವರ್ಡನ್ನು ಅಲ್ಲಿಂದಲೇ ಓದಿಕೊಳ್ಳುತ್ತಾರೆ.

ವೈಫೈ ಪಾಸ್‌ವರ್ಡಿಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ. ಬಾವಿ, ಇಸ್ತ್ರಿ, ಹಲಸು, ಪಂಚೆ, ಗುಬ್ಬಿ ಎಂಬಂತೆ. (ಇದನ್ನೇ ಇಡಬೇಡಿ, ಇಲ್ಲಿ ಅಚ್ಚಾಯಿತಲ್ಲ.) ಮನೆದೇವರ ಹೆಸರು, ಮೊಮ್ಮಕ್ಕಳ ಹುಟ್ಟಿದ ದಿನ ಬೇಡ. ಭದ್ರತೆಯ ಜಾಗದಲ್ಲಿ ಡಬ್ಲ್ಯುಪಿಎ3 (ವೈಫೈ ಬೀಗದ ಹೊಸ ಬಗೆ) ಇದ್ದರೆ ಅದು, ಹಳೆಯ ಟಿವಿ ಅದಕ್ಕೆ ಹೊಂದದಿದ್ದರೆ ಡಬ್ಲ್ಯುಪಿಎ2 ಎಇಎಸ್ ಆರಿಸಿ. ಪಾಸ್‌ವರ್ಡ್ ಹೊಡೆಯದೆ ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಸೇರಿಸಿಕೊಳ್ಳುವ ಡಬ್ಲ್ಯುಪಿಎಸ್ ಎಂಬುದನ್ನು ಆಫ್ ಮಾಡಿಸಿ. ಅದರ ಎಂಟಂಕಿ ಪಿನ್ನನ್ನು ರೂಟರ್ ಎರಡು ತುಂಡಾಗಿ ಪರೀಕ್ಷಿಸುವುದರಿಂದ ಹೆಚ್ಚೆಂದರೆ 11 ಸಾವಿರ ಪ್ರಯತ್ನಕ್ಕೆ ಸಿಕ್ಕಿಬೀಳುತ್ತದೆ ಎಂಬುದು 2011ರಲ್ಲೇ ಬಯಲಾಗಿದೆ.

ಬಹಳ ಜನ ಎಡವುವುದು ಇಲ್ಲಿ: ಈಗಿನ ಪೆಟ್ಟಿಗೆಗಳಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ವೈಫೈ ಇರುತ್ತವೆ. ಒಂದರ ಪಾಸ್‌ವರ್ಡ್ ಬದಲಿಸಿ ಇನ್ನೊಂದನ್ನು ಮರೆತರೆ ಏಳೂ ಜನ ಅಲ್ಲೇ ಉಳಿಯುತ್ತಾರೆ. ಎರಡನ್ನೂ ಬದಲಿಸಿ. ನಿಮ್ಮ ಫೋನು, ಟಿವಿ, ಕ್ಯಾಮೆರಾಕ್ಕೂ ಹೊಸದನ್ನು ಹಾಕಬೇಕಾಗುತ್ತದೆ. ಕ್ಯಾಮೆರಾ ಸೇರದಿದ್ದರೆ ಅದು 2.4ಕ್ಕೆ ಮಾತ್ರ ಸೇರುವ ಜಾತಿ ಇರಬಹುದು.

ಹುಡುಗರಿಗೆ ಕೊಡಲೇಬಾರದು ಎನ್ನುವವನಲ್ಲ ನಾನು. ಪರೀಕ್ಷೆ ಹೊತ್ತಿನಲ್ಲಿ ಬಾಗಿಲಿಗೆ ಬಂದು ಕೇಳಿದರೆ ನಿಮ್ಮಂಥವರು ಇಲ್ಲ ಎನ್ನುವುದೂ ಇಲ್ಲ. ಅವರಿಗೆ ರೂಟರಿನಲ್ಲೇ ಗೆಸ್ಟ್ ನೆಟ್‌ವರ್ಕ್ ಮಾಡಿಸಿ, ಬೇರೆ ಹೆಸರು, ಬೇರೆ ಪಾಸ್‌ವರ್ಡ್. ನಿಮ್ಮ ಟಿವಿ, ಕ್ಯಾಮೆರಾ ಅವರಿಗೆ ಕಾಣದಂತೆ ಇಡಬಹುದು, ಬೇಡವೆನಿಸಿದಾಗ ಅದೊಂದನ್ನೇ ನಿಲ್ಲಿಸಬಹುದು. ಆದರೆ ಕೊಡುವಾಗ ಇದು ನೆನಪಿರಲಿ: ಆ ಸಂಪರ್ಕದಿಂದ ಹೋದ ಪ್ರತಿಯೊಂದೂ ಹೊರಗಿನವರಿಗೆ ನಿಮ್ಮ ಮನೆಯಿಂದ ಹೋದಂತೆಯೇ ಕಾಣುತ್ತದೆ. 2008ರ ಅಹಮದಾಬಾದ್ ಸ್ಫೋಟದ ಹೊಣೆ ಹೊತ್ತ ಇಮೇಲ್ ನವಿ ಮುಂಬೈಯ ಮನೆಯೊಂದರ ಬೀಗವಿಲ್ಲದ ವೈಫೈನಿಂದ ಹೋಗಿತ್ತು. ತನಿಖೆಯವರು ಮೊದಲು ಬಂದು ನಿಂತದ್ದು ಆ ಮನೆಯ ಬಾಗಿಲಿಗೆ.

ಪ್ರಶ್ನೆ: ನಮ್ಮ ಚಿತ್ರದುರ್ಗದ ಮನೆಯ ವೈಫೈ ಹೆಸರು ಯಾರಿಗೂ ಕಾಣದಂತೆ ಅಡಗಿಸಿಟ್ಟಿದ್ದೇನೆ. ರೂಟರ್ ಹಳೆಯದು, ಅದರಲ್ಲಿ ಡಬ್ಲ್ಯುಇಪಿ ಎಂದಿದೆ. ಸಾಕಲ್ಲವೇ?

ಉತ್ತರ: ಸಾಲದು. ಅಡಗಿಸಿದ ಹೆಸರನ್ನು ನಿಮ್ಮ ಫೋನೇ ಕೂಗಿ ಹುಡುಕುತ್ತದೆ, ಬಸ್ ಸ್ಟ್ಯಾಂಡಿನಲ್ಲಿ ನಿಂತಾಗಲೂ. ಕೇಳಿಸಿಕೊಳ್ಳುವ ಉಪಕರಣ ಇದ್ದವರಿಗೆ ಅದು ಗುಟ್ಟಲ್ಲ. ಡಬ್ಲ್ಯುಇಪಿ ಎಂಬುದು ವೈಫೈಯ ತೀರಾ ಹಳೆಯ ಬೀಗ, ಅದರ ದೋಷ 2001ರಲ್ಲೇ ಬಯಲಾದದ್ದು. ಈಗ ಅದನ್ನು ಮುರಿಯಲು ಕೆಲವೇ ನಿಮಿಷ ಸಾಕು, ಪಾಸ್‌ವರ್ಡ್ ಎಷ್ಟು ಉದ್ದವಿದ್ದರೂ ಅಷ್ಟೇ. ರೂಟರಿನಲ್ಲಿ ಡಬ್ಲ್ಯುಪಿಎ2 ಆಯ್ಕೆ ಇದ್ದರೆ ಇವತ್ತೇ ಬದಲಿಸಿ. ಇಲ್ಲದಿದ್ದರೆ ಹೊಸ ರೂಟರ್ ತರುವವರೆಗೆ ವೈಫೈ ಆಫ್ ಮಾಡಿ, ಕಂಪ್ಯೂಟರಿಗೆ ಕೇಬಲ್ ಹಾಕಿಕೊಳ್ಳಿ.